ಕೆಂಪು ಮೀನಿನ ಕಾಕ

ಅವರ ಬಲಗೈಯಲ್ಲಿ, ಮೊಣಕೈಯಿಂದ ಕೆಳಗೆ, ನರೆತ ರೋಮಗಳ ನಡುವೆ, ಯಾವ ಹೊತ್ತಿಗೆ ನೋಡಿದರೂ ಒಂದಷ್ಟು ಹಸಿರು ಚುಕ್ಕೆಗಳು ಅಂಟಿಕೊಂಡಿರುತ್ತಿದ್ದವು. ಎಳ್ಳಿನ ಕಾಳಿನಷ್ಟು ಸಣ್ಣ ಎಲೆಗಳು. ನೀರಿನ ಮೇಲೆ ತೇಲಿಕೊಂಡು ಬೆಳೆಯುವ ಆ ಸಸ್ಯವನ್ನು ಅವರು ಬಚ್ಚಲಿನ ಪಕ್ಕದ ಹಳೆಯ ನೀಲಿ ಡ್ರಮ್ಮಿನಲ್ಲಿ ಬೆಳೆಸುತ್ತಿದ್ದರು. ಬೆಳಿಗ್ಗೆಯೂ ಸಂಜೆಯೂ ಅದರೊಳಗೆ ಕೈಯಿಳಿಸಿ ಒಂದು ಹಿಡಿ ಬಾಚಿ ತೆಗೆದು ಹಿತ್ತಲಿನ ಕೊಳದ ಮೀನುಗಳಿಗೆ ಹಾಕುತ್ತಿದ್ದರು. ಒಮ್ಮೆ ಪೇಟೆಯ ಮೆಡಿಕಲ್ ಅಂಗಡಿಯವನು ಅದನ್ನು ನೋಡಿ, "ಕಾಕಾ, ಕೈಗೆ ಎಂತದು? ಅಲರ್ಜಿಯಾ?" ಎಂದು ಕೇಳಿದನಂತೆ. "ಅಲ್ಲ ಮಾರಾಯ, ನನ್ನ ಮೀನುಗಳ ಊಟ. ಸ್ವಲ್ಪ ಕೈಯಲ್ಲಿ ಉಳಿದಿದೆ" ಎಂದು ಇವರು ಹೇಳಿದರಂತೆ. ಈ ಕಥೆಯನ್ನು ನನಗೆ ಹೇಳಿದ್ದು ಅವರೇ. ತಮ್ಮ ಮಾತಿಗೆ ತಾವೇ ನಗುವ ಅಭ್ಯಾಸ ಅವರಿಗಿತ್ತು.

ಪುಂಜಾಲಕಟ್ಟೆಯಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಊರಿನ ಬ್ಯಾರಿ ಮುಸ್ಲಿಮರೂ ಹಿಂದೂಗಳೂ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ.

ನನ್ನ ತವರು ಮೂಡುಬಿದಿರೆಯ ಹತ್ತಿರದ ಪುತ್ತಿಗೆ. ಮದುವೆಯಾದ ಮೇಲೂ ಮೂಡುಬಿದಿರೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸಿಕೊಂಡಿದ್ದೆ. ಮಗಳು ತನ್ವಿಗೆ ಮೂರು ವರ್ಷ ತುಂಬಿದರೂ ಮಾತು ಬರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಮಿಕ್ಸಿಯ ಸದ್ದಿಗೆ, ಕುಕ್ಕರಿನ ಸೀಟಿಗೆ, ಬಸ್ಸಿನ ಹಾರ್ನಿಗೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ಡಾಕ್ಟರು ಆಟಿಸಂ ಎಂದರು. ನಾನು ಕೆಲಸ ಬಿಟ್ಟೆ. ಅದೇ ವರ್ಷ ನನ್ನ ಗಂಡನಿಗೆ ಬೆಳ್ತಂಗಡಿಯ ಆಫೀಸಿಗೆ ವರ್ಗವಾಯಿತು. ತನ್ವಿಯನ್ನು ವಾರಕ್ಕೆ ಎರಡು ಸಲ ಬಂಟ್ವಾಳಕ್ಕೆ ಥೆರಪಿಗೆ ಕರೆದೊಯ್ಯಬೇಕಿತ್ತು. ಎರಡಕ್ಕೂ ನಡುವೆ ಇರಲಿ ಎಂದು ಪುಂಜಾಲಕಟ್ಟೆಯಲ್ಲಿ ಮನೆ ಹಿಡಿದೆವು. ನಾನು ಹಿಂದೆ ಟೀಚರ್ ಆಗಿದ್ದೆ ಎಂದು ಯಾರಿಂದಲೋ ಕೇಳಿ ತಿಳಿದ ಕಾಕ ಮೊದಲ ದಿನದಿಂದಲೇ ನನ್ನನ್ನು ಟೀಚರ್ ಎಂದು ಕರೆದರು. ಕೆಲಸ ಬಿಟ್ಟ ಮೇಲೆ ನನ್ನನ್ನು ಹಾಗೆ ಕರೆದವರು ಅವರೊಬ್ಬರೇ. ಬೇರೆಯವರಿಗೆಲ್ಲ ನಾನು 'ಆ ಮಗುವಿನ ತಾಯಿ' ಆಗಿದ್ದೆ.

ಮನೆಗೆ ಬಂದು ವಾರವಾಗಿತ್ತೋ ಇಲ್ಲವೋ, ಒಂದು ಮಧ್ಯಾಹ್ನ ನಾನು ಬಟ್ಟೆ ಒಣಗಿಸಿ ಒಳಗೆ ಬರುವಷ್ಟರಲ್ಲಿ ತನ್ವಿ ಇರಲಿಲ್ಲ. ಹಿಂಬಾಗಿಲು ತೆರೆದಿತ್ತು. ಓಡಿಹೋಗುವುದು ಅವಳಿಗೆ ಹೊಸದಲ್ಲ. ಆದರೆ ಪಕ್ಕದ ಹಿತ್ತಲಿನಲ್ಲಿ ನೀರಿನ ಕೊಳ ಇದೆಯೆಂದು ನಾನು ಆ ಬೆಳಿಗ್ಗೆಯಷ್ಟೇ ನೋಡಿದ್ದೆ. ಕಾಂಪೌಂಡಿನ ಮುರಿದ ಭಾಗ ದಾಟಿ, ಚಪ್ಪಲಿಯೂ ಇಲ್ಲದೆ, ಅವಳ ಹೆಸರು ಕೂಗುತ್ತ ಓಡಿದೆ.

ತನ್ವಿ ಕೊಳದ ಕಟ್ಟೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿದ್ದಳು. ಮೂಗು ನೀರಿಗೆ ತಾಗುವಷ್ಟು ಕೆಳಗಿತ್ತು. ಅವಳ ಪಾದಗಳಿಂದ ಒಂದು ಮಾರು ದೂರದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಲುಂಗಿ ಬನಿಯನ್ನಿನಲ್ಲಿ ಕಾಕ ಕುಳಿತಿದ್ದರು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು.

"ಕೂಗಬೇಡಿ ಟೀಚರ್. ಕೂಗಿದ್ರೆ ಬೆಚ್ಚಿ ಬೀಳ್ತಾಳೆ. ನಾನು ಉಂಟಲ್ಲ ಇಲ್ಲಿ."

"ಅವಳಿಗೆ ಹೇಳಿದ್ದು ಅರ್ಥ ಆಗುವುದಿಲ್ಲ ಕಾಕ..."

"ನಾನು ಏನೂ ಹೇಳಲೇ ಇಲ್ಲ" ಎಂದರು ಅವರು. "ನೀವೂ ಕೂತ್ಕೊಳ್ಳಿ."

ಕುಳಿತೆ. ನೀರಿನಲ್ಲಿ ಕೆಂಪು, ಕಿತ್ತಳೆ, ಬಿಳಿ ಮಚ್ಚೆಯ ಗೋಲ್ಡ್‌ಫಿಶ್‌ಗಳು ಅಂತರಗಂಗೆಯ ಬೇರುಗಳ ನಡುವೆ ನುಸುಳಿ ಹೋಗುತ್ತಿದ್ದವು. ಎಲ್ಲಿಯೂ ಐದು ನಿಮಿಷ ನಿಲ್ಲದ ನನ್ನ ಮಗಳು ಬಿಸಿಲು ಕಟ್ಟೆಯಿಂದ ಸರಿದು ಹೋಗುವವರೆಗೆ ಅಲ್ಲಾಡಲಿಲ್ಲ. ಮನೆ ತುಂಬ ಅವಳ ಕಿರುಚಾಟ ಕೇಳಿ ಕೇಳಿ, ಮೌನ ಹೇಗಿರುತ್ತದೆ ಎಂಬುದನ್ನೇ ನಾನು ಮರೆತಿದ್ದೆ. ಕಾಕ ನಡುವೆ ಎದ್ದು ಒಳಗೆ ಹೋಗಿ ನನಗೊಂದು ಲೋಟ ನಿಂಬೆ ಶರಬತ್ತು ತಂದುಕೊಟ್ಟರು. ಮತ್ತೆ ಅದೇ ಕಲ್ಲಿನ ಮೇಲೆ ಕುಳಿತರು.

ಆಮೇಲೆ ಗೊತ್ತಾಯಿತು, ನಾವು ಮೂವರೇ ಅಲ್ಲಿ ಇದ್ದದ್ದಲ್ಲ. ಹಿಂದಿನ ಕೋಣೆಯ ಕಿಟಕಿಗೆ ಹೊರಗಿನಿಂದ ಡ್ರೆಸ್ಸಿಂಗ್ ಟೇಬಲಿನ ಕನ್ನಡಿಯೊಂದನ್ನು ತಂತಿಯಿಂದ ಓರೆಯಾಗಿ ಕಟ್ಟಿದ್ದರು. ಆ ಕನ್ನಡಿಯಲ್ಲಿ ಒಂದು ಮುಖ ಇತ್ತು. ಬಿಳಿ ಬಟ್ಟೆ ಹೊದ್ದ, ಒಂದು ಬದಿ ಜೋತುಬಿದ್ದ ವಯಸ್ಸಾದ ಹೆಂಗಸಿನ ಮುಖ. ಅದು ನಮ್ಮನ್ನೇ ನೋಡುತ್ತಿತ್ತು.

"ನನ್ನ ಮನೆಯವಳು" ಎಂದರು ಕಾಕ. "ಮಲಗಿದಲ್ಲೇ. ಅವಳಿಗೆ ಕೊಳ ಕಾಣ್ಲಿಕ್ಕೆ ಅಂತ ಕಟ್ಟಿದ್ದು. ಈಗ ನಿಮ್ಮ ಮಗಳೂ ಕಾಣ್ತಾಳೆ."

ಕಾಕನ ಕಥೆ ನನಗೆ ತುಂಡು ತುಂಡಾಗಿ ತಿಳಿಯಿತು. ಅವರು ತಾರುಣ್ಯದಲ್ಲೇ ಗಲ್ಫಿಗೆ ಹೋದವರು. ಅಲ್ಲಿ ಒಬ್ಬ ಅರಬಿಯ ಮನೆಯಲ್ಲಿ ಡ್ರೈವರಾಗಿ ಕೂದಲು ನರೆಯುವವರೆಗೆ ದುಡಿದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು ಎರಡು ತಿಂಗಳು ಇದ್ದು ಹೋಗುತ್ತಿದ್ದರು. ಆ ಅರಬಿಯ ಮನೆಯಂಗಳದಲ್ಲಿ ನೀಲಿ ಹೆಂಚು ಹಾಸಿದ ಒಂದು ಕೊಳ ಇತ್ತಂತೆ, ಅದರ ತುಂಬ ಕೆಂಪು ಮೀನು. ಕಾರು ತೊಳೆದು ಮುಗಿಸಿ, ಯಜಮಾನ ಕರೆಯುವವರೆಗೆ ಅದರ ಬಳಿ ಕುಳಿತಿರುವುದೇ ಇವರ ವಿಶ್ರಾಂತಿ. ಹೆಂಡತಿಗೆ ಫೋನು ಮಾಡಿದಾಗ ಹೇಳಲು ಬೇರೇನೂ ಇಲ್ಲದಿದ್ದರೆ ಆ ಮೀನುಗಳ ಸುದ್ದಿ ಹೇಳುತ್ತಿದ್ದರಂತೆ. ಇವತ್ತು ಒಂದು ಮೊಟ್ಟೆ ಇಟ್ಟಿತು, ಇವತ್ತು ಒಂದು ಸತ್ತಿತು. ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದ ಆ ಹೆಂಗಸು ಒಮ್ಮೆ ಹೇಳಿದ್ದಳಂತೆ: "ನೀವು ನನಗಿಂತ ಹೆಚ್ಚು ಆ ಮೀನುಗಳನ್ನು ನೋಡಿದ್ದೀರಿ. ಒಮ್ಮೆ ನನಗೂ ತೋರಿಸಿ, ಅವುಗಳಲ್ಲಿ ಎಂತ ಉಂಟು ಅಂತ ನೋಡ್ತೇನೆ."

ಹೆಂಡತಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋದ ಸುದ್ದಿ ಬಂದಾಗ ಕಾಕ ಎಲ್ಲ ಬಿಟ್ಟು ಊರಿಗೆ ಬಂದರು. ಬಂದವರು ಮೊದಲು ಮಾಡಿದ ಕೆಲಸ ಹಿತ್ತಲಿನಲ್ಲಿ ಕೊಳ ಅಗೆಸಿದ್ದು. ಕೆಂಪುಕಲ್ಲು ಕಟ್ಟಿ, ಸಿಮೆಂಟು ಮೆತ್ತಿಸಿ, ಬಾವಿಯ ನೀರು ತುಂಬಿಸಿ, ಮರುವಾರವೇ ಮೂಡುಬಿದಿರೆಗೆ ಹೋಗಿ ಮೀನು ತಂದು ಬಿಟ್ಟರು. ಎರಡನೇ ಬೆಳಿಗ್ಗೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹೊಸ ಸಿಮೆಂಟಿನ ಸುಣ್ಣ ನೀರಿಗಿಳಿದು ಮೀನುಗಳನ್ನು ಸುಟ್ಟಿತ್ತು.

"ಕೊಳದ ಬದಿಯಲ್ಲಿ ಕೂತು ಮಗುವಿನ ಹಾಗೆ ಅತ್ತೆ ಟೀಚರ್. ಮೀನಿಗಲ್ಲ. ಇಷ್ಟು ವರ್ಷ ತಡ ಮಾಡಿ ಬಂದೆ, ಬಂದ ಮೇಲೆ ಅವಸರ ಮಾಡಿದೆ. ಎರಡೂ ತಪ್ಪೇ."

ಮೀನಿನ ಅಂಗಡಿಯವನು ಹೇಳಿದ ಹಾಗೆ ಬಾಳೆದಿಂಡು ಕಡಿದು ನೀರಿಗೆ ಹಾಕಿ ಕೊಳೆಸಿದರು. ಆ ನೀರನ್ನು ಚೆಲ್ಲಿ, ಮತ್ತೆ ತುಂಬಿಸಿ, ಮತ್ತೆ ಕೊಳೆಸಿದರು. ಹಿತ್ತಲು ನಾರುತ್ತಿದ್ದರೂ ಕಾದರು. ಮಳೆಗಾಲ ಕಳೆದು ನೀರು ಹದಕ್ಕೆ ಬಂದ ಮೇಲೆ ತಂದ ಮೀನುಗಳು ಉಳಿದವು. ಆದರೆ ಮಂಚದಲ್ಲಿ ಮಲಗಿದ ಹೆಂಡತಿಗೆ ಕಿಟಕಿಯಿಂದ ಮಾವಿನ ಕೊಂಬೆ ಕಾಣುತ್ತಿತ್ತೇ ಹೊರತು ಕೆಳಗಿನ ಕೊಳ ಕಾಣುತ್ತಿರಲಿಲ್ಲ. ಆಗ ಬಂತು ಕನ್ನಡಿ.

ಕಾಕನ ಹೆಂಡತಿಯನ್ನು ಅವರ ಮಕ್ಕಳು ಕರೆಯುವಂತೆ ನಾನೂ ಉಮ್ಮ, ಅಂದರೆ ಅಮ್ಮ, ಎಂದು ಕರೆದೆ. ಉಮ್ಮನಿಗೆ ಮಾತಿಲ್ಲ, ತನ್ವಿಗೂ ಇಲ್ಲ. ದಿನಾ ಸಂಜೆ ಇವಳು ಕೊಳದ ಬಳಿ ಮಲಗುವುದು, ಅವರು ಕನ್ನಡಿಯಲ್ಲಿ ಇವಳನ್ನು ನೋಡುವುದು. ಕಾಕ ನಡುವೆ ಕುಳಿತು ಇಬ್ಬರ ಪರವಾಗಿಯೂ ಮಾತಾಡುತ್ತಿದ್ದರು. "ಉಮ್ಮ ಕೇಳ್ತಾ ಇದ್ದಾಳೆ, ಇವತ್ತು ಫ್ರಾಕು ಹೊಸತಾ ಅಂತ. ಹೌದಂತೆ, ಅಜ್ಜಿ ತಂದದ್ದಂತೆ." ನನ್ನನ್ನು ನೋಡಿ, "ಇಬ್ಬರು ಮಾತಾಡದವರ ಮಧ್ಯೆ ನಾನೊಬ್ಬ ಬಾಯಿಬಡುಕ" ಎಂದು ನಗುತ್ತಿದ್ದರು. ಒಮ್ಮೆ ತನ್ವಿ ತಾನಾಗಿ ಕಿಟಕಿಯ ಬಳಿ ಹೋಗಿ ಸರಳಿನೊಳಗೆ ಕೈತೂರಿಸಿ ಉಮ್ಮನ ಹೊದಿಕೆಯ ಅಂಚನ್ನು ಬೆರಳಲ್ಲಿ ಉಜ್ಜಿ ಬಂದಳು. ಅವಳು ತಾನಾಗಿ ಬೇರೆಯವರ ಹತ್ತಿರ ಹೋದದ್ದು ಅದೇ ಮೊದಲು.

ನಾನು ತವರಿಗೆ ಹೋದಾಗ ಪುತ್ತಿಗೆಯ ಕೆರೆಯಿಂದ ನೈದಿಲೆಯ ಗೆಡ್ಡೆ ತಂದುಕೊಟ್ಟೆ. ಕಾಕ ಹಳೆಯ ಅಲ್ಯುಮಿನಿಯಮ್ ಬೋಗುಣಿಯೊಂದಕ್ಕೆ ಗದ್ದೆಯ ಕೆಸರು ತುಂಬಿ, ಗೆಡ್ಡೆ ನೆಟ್ಟು, ಮೀನುಗಳು ಕೆದಕದಂತೆ ಮೇಲೆ ಹೊಳೆಯ ಕಲ್ಲು ಹರಡಿ, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ ನೀರಿಗಿಳಿಸಿದರು. ಅದು ನೀಲಿ ನೈದಿಲೆ. ಬೆಳಿಗ್ಗೆ ಅರಳಿ ಮಧ್ಯಾಹ್ನದ ಮೇಲೆ ಮುಚ್ಚಿಕೊಳ್ಳುವಂಥದ್ದು. ಮೊದಲ ಹೂವು ಅರಳಿದ ದಿನ ಕಾಕ ಕನ್ನಡಿಯನ್ನು ಸ್ವಲ್ಪ ತಿರುಗಿಸಿ, ಒಳಗೆ ಹೋಗಿ ಹೆಂಡತಿಯ ತಲೆಯನ್ನು ತಮ್ಮ ತೋಳಿನ ಮೇಲಿಟ್ಟುಕೊಂಡು ಕುಳಿತರು. ಇಬ್ಬರ ಮುಖವೂ ಕನ್ನಡಿಯಲ್ಲಿ ಒಟ್ಟಿಗೆ ಕಂಡಿತು. ನಾನು ತನ್ವಿಯನ್ನು ಕರೆದುಕೊಂಡು ಸದ್ದಿಲ್ಲದೆ ಮನೆಗೆ ಬಂದೆ.

ಉಮ್ಮ ತೀರಿಕೊಂಡದ್ದು ಅದರ ಮುಂದಿನ ಬೇಸಗೆಯಲ್ಲಿ, ನಿದ್ದೆಯಲ್ಲೇ.

ಕಾಕ ಕನ್ನಡಿ ಬಿಚ್ಚಿ ಒಳಗಿಟ್ಟರು. ಆಮೇಲೆ ಹಿತ್ತಲಿಗೆ ಬರುವುದನ್ನೇ ಬಿಟ್ಟರು. ಮುಂಡಾಜೆಯಲ್ಲಿದ್ದ ಮಗಳು ಬಂದು ತಿಂಗಳಿದ್ದು ಹೋದಳು. ಗಲ್ಫಿನಲ್ಲಿದ್ದ ಮಗ ದಿನಾ ಫೋನು ಮಾಡುತ್ತಿದ್ದ. ಕೊಳದ ನೀರು ಪಾಚಿಗಟ್ಟಿತು. ಅಂತರಗಂಗೆ ಹಬ್ಬಿ ನೀರೇ ಕಾಣದಾಯಿತು. ಮೀನುಗಳು ಗಾಳಿಗಾಗಿ ಎಲೆಗಳ ಸಂದಿಯಲ್ಲಿ ಬಾಯಿ ತೆರೆಯುತ್ತಿದ್ದವು. ತನ್ವಿ ಕಾಂಪೌಂಡಿನ ಮುರುಕಿನ ಬಳಿ ನಿಂತು ಹಣೆಯನ್ನು ಕಲ್ಲಿಗೆ ಬಡಿದುಕೊಳ್ಳುತ್ತಿದ್ದಳು. ಕಾಕನ ಮನೆಯ ಬಾಗಿಲು ತಟ್ಟಿ ಒಂದೆರಡು ಸಲ ಹೇಳಿದೆ. "ನೋಡುವ ಟೀಚರ್, ನೋಡುವ" ಎಂದರು. ಕಣ್ಣೆತ್ತಲಿಲ್ಲ.

ಆಗ ನಮ್ಮ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಗುಡ್ಡ ತರಿದ ಮಣ್ಣು ಬೇಕೆಂದವರ ಮನೆಗೆ ಟಿಪ್ಪರಿನಲ್ಲಿ ಬಂದು ಬೀಳುತ್ತಿತ್ತು. ಒಂದು ಬೆಳಿಗ್ಗೆ ಕಾಕನ ಅಂಗಳದಲ್ಲೂ ಒಂದು ಲೋಡು ಕೆಂಪು ಮಣ್ಣು ಬಿದ್ದಿತ್ತು. ನಾನು ಹೋಗಿ ನೋಡಿದರೆ ಕಾಕ ಕೊಳದ ಕಟ್ಟೆಯಲ್ಲಿ ಕುಳಿತು ಸಣ್ಣ ಬಲೆಯಿಂದ ಮೀನುಗಳನ್ನು ಹಿಡಿದು ಬಕೆಟಿಗೆ ಹಾಕುತ್ತಿದ್ದರು.

"ಮಗ ಹೇಳಿದ, ಮುಚ್ಚಿಬಿಡಿ ಅಂತ. ಸೊಳ್ಳೆ ಆಗ್ತದೆ, ಜಾರಿ ಬಿದ್ರೆ ನೋಡುವವರಿಲ್ಲ ಅಂತ. ಅವ ಹೇಳುವುದರಲ್ಲಿ ತಪ್ಪಿಲ್ಲ. ನೋಡ್ಬೇಕಾದವಳೇ ಇಲ್ಲ, ಇನ್ನು ಯಾರಿಗೆ? ಈ ಮೀನುಗಳನ್ನು ನಿಮ್ಮ ಪುತ್ತಿಗೆಯ ಕೆರೆಗೆ ಬಿಡುವ ಟೀಚರ್."

ಬೇಡ ಎನ್ನಲು ಅದು ನನ್ನ ಹಿತ್ತಲಲ್ಲ. ಅಷ್ಟರಲ್ಲಿ ತನ್ವಿ ನನ್ನ ಹಿಂದಿನಿಂದ ಬಂದಳು. ಕಿರುಚಲಿಲ್ಲ. ಬಕೆಟನ್ನು ನೋಡಿದಳು, ಕೊಳವನ್ನು ನೋಡಿದಳು. ತನಗೇನಾದರೂ ಬೇಕಾದರೆ ಅವಳು ಬೆರಳು ಮಾಡಿ ತೋರಿಸುವವಳಲ್ಲ. ನನ್ನ ಮಣಿಕಟ್ಟು ಹಿಡಿದು, ಸೌಟು ಹಿಡಿದಂತೆ ಹಿಡಿದು, ಬೇಕಾದ ವಸ್ತುವಿನ ಕಡೆಗೆ ಒಯ್ಯುವುದು ಅವಳ ಕ್ರಮ. ಅದೂ ನನ್ನ ಕೈಯನ್ನು ಮಾತ್ರ, ಅವಳ ಅಪ್ಪನ ಕೈಯನ್ನೂ ಅಲ್ಲ. ಆ ದಿನ ಅವಳು ಕಾಕನ ಬಲಗೈಯ ಮಣಿಕಟ್ಟು ಹಿಡಿದಳು. ಬಲೆಯನ್ನು ಬಿಡಿಸಿ ಎಸೆದಳು. ಆ ಕೈಯನ್ನು ಎರಡೂ ಕೈಗಳಿಂದ ಒತ್ತಿ, ಅಂತರಗಂಗೆಯ ನಡುವಿನಿಂದ ನೀರಿಗೆ ಇಳಿಸಿದಳು.

ಕಾಕ ಹಾಗೆಯೇ ಕುಳಿತರು. ಕೈ ಮೊಣಕೈವರೆಗೆ ನೀರಿನಲ್ಲಿತ್ತು. ಸ್ವಲ್ಪ ಹೊತ್ತಿಗೆ ಕೊಳದಲ್ಲಿ ಉಳಿದಿದ್ದ ಮೀನುಗಳು ಒಂದೊಂದಾಗಿ ಬಂದು ಅವರ ಬೆರಳುಗಳಿಗೆ ಮೂತಿ ತಾಗಿಸಿದವು. ಹೆಂಡತಿ ತೀರಿಕೊಂಡ ದಿನ ಬಂದವರಿಗೆಲ್ಲ ಕುರ್ಚಿ ಹಾಕಿ ಕೂರಿಸಿದ ಮನುಷ್ಯ ಇವರು. ಈಗ ಅತ್ತರು. ತನ್ವಿ ಅವರ ಅಳುವನ್ನು ಗಮನಿಸಲೇ ಇಲ್ಲ. ಮಣಿಕಟ್ಟನ್ನು ಬಿಡಲೂ ಇಲ್ಲ.

"ನೋಡಿ ಟೀಚರ್" ಎಂದರು ಕೊನೆಗೆ, ಎಡಗೈಯಿಂದ ಮುಖ ಒರೆಸಿಕೊಂಡು. "ಇವಳಿಗೆ ನಾನು ಬೇಕಾಗಿಲ್ಲ. ನನ್ನ ಕೈ ಬೇಕು. ಆಗ್ಲಿ, ಅಷ್ಟಾದ್ರೂ ಉಂಟಲ್ಲ ನನ್ನಲ್ಲಿ."

ಕೊಳ ಮುಚ್ಚಲು ತರಿಸಿದ್ದ ಆ ಮಣ್ಣಿನಲ್ಲಿ ಅವರು ಬದನೆ ನೆಟ್ಟರು.

ಅಲ್ಲಿಂದ ಮುಂದಿನ ವರ್ಷಗಳನ್ನು ನಾನು ಸಂಜೆಗಳಲ್ಲಿ ನೆನಪಿಟ್ಟುಕೊಂಡಿದ್ದೇನೆ. ನಾಲ್ಕೂವರೆಯ ಹೊತ್ತಿಗೆ ಕಾಕ ಹಿಂಬಾಗಿಲು ತೆರೆದು "ಮೋಳೇ" ಎಂದು ಕರೆಯುತ್ತಿದ್ದರು. ಬ್ಯಾರಿ ಭಾಷೆಯಲ್ಲಿ ಮಗಳೇ ಎಂದು. ನಾನು ಕರೆದರೆ ತಿರುಗದ ತನ್ವಿ ಅದಕ್ಕೆ ಎದ್ದು ಹೋಗುತ್ತಿದ್ದಳು. ಥೆರಪಿಯವರು ಮಗುವಿನೊಂದಿಗೆ ಒಂದೇ ಭಾಷೆಯಲ್ಲಿ ಮಾತಾಡಿ ಎಂದಿದ್ದರು. ಅದನ್ನು ಕಾಕನಿಗೆ ಹೇಳಿದೆ. "ಮೀನಿನ ಹತ್ತಿರ ನಾನು ಯಾವುದರಲ್ಲಿ ಮಾತಾಡ್ತೇನೆ ಅಂತ ನನಗೇ ಗೊತ್ತಿಲ್ಲ ಟೀಚರ್" ಎಂದು ಹೇಳಿ ತುಳು, ಬ್ಯಾರಿ, ಅರಬ್ಬಿ ಎಲ್ಲ ಬೆರೆಸಿ ಮಾತಾಡಿದರು. ಮೀನಿಗೆ ಊಟ ಹಾಕುವುದನ್ನು ಅವಳಿಗೆ ಕಲಿಸಲು ಒಂದು ಮಳೆಗಾಲ ಇಡೀ ಬೇಕಾಯಿತು. ಅಂಗಡಿಯಿಂದ ತಂದ ಮೀನಿನ ಕಾಳಿನ ಡಬ್ಬ ಕೈಗೆ ಸಿಕ್ಕಿದರೆ ಪೂರ್ತಿ ಸುರಿಯುವವಳು. "ಒಂದು ಚಿಟಿಕೆ. ಇನ್ನು ಸಾಕು." ದಿನಾ ಅದೇ ಮಾತು, ಅದೇ ರಾಗ. ನಾನು ಕೂಡ ಒಮ್ಮೆ ಮರುಕದಿಂದ ಹೆಚ್ಚು ಹಾಕಿದಾಗ ತಡೆದು ಹೇಳಿದರು: "ಹಸಿವು ಮೀನಿಗಲ್ಲ ಟೀಚರ್, ನಮ್ಮ ಕೈಗೆ. ಕೊಡುವ ಆಸೆಯಲ್ಲಿ ನೀರು ಹಾಳು ಮಾಡ್ತೇವೆ."

ಸಂಜೆ ಮಸೀದಿಯಿಂದ ಮಗ್ರಿಬ್ ನಮಾಜಿನ ಬಾಂಗ್ ಕೇಳಿದ ಕೂಡಲೇ ಕಾಕ ಲುಂಗಿ ಕೊಡವಿ ಏಳುತ್ತಿದ್ದರು. ಅವರು ಎದ್ದರೆ ತನ್ವಿಯೂ ಏಳುತ್ತಿದ್ದಳು. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೊರಡಿಸುವುದು ಇಂಥ ಮಕ್ಕಳ ತಾಯಂದಿರಿಗೆ ಎಷ್ಟು ದೊಡ್ಡ ಯುದ್ಧ ಎಂದು ಅನುಭವಿಸಿದವರಿಗೇ ಗೊತ್ತು. ಆ ಯುದ್ಧ ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ತಪ್ಪಿತು. ಕಾಕ ಮಸೀದಿಗೆ, ಇವಳು ಮನೆಗೆ. ಮೊದಲ ಸಲ ಹಾಗೆ ತಾನಾಗಿ ನಡೆದು ಬಂದು ಅಡುಗೆಮನೆಯ ಮಣೆಯ ಮೇಲೆ ಕುಳಿತಾಗ, ನಾನು ಒಲೆಯ ಮೇಲಿದ್ದ ಸಾರು ಉಕ್ಕಿದ್ದನ್ನೂ ನೋಡದೆ ಅವಳನ್ನೇ ನೋಡುತ್ತ ನಿಂತಿದ್ದೆ.

ಕೊಳಕ್ಕೂ ಅದರದೇ ಕಷ್ಟಗಳಿದ್ದವು. ಮಿಂಚುಳ್ಳಿ ಬಂದು ದೊಡ್ಡ ಮೀನನ್ನೇ ಎತ್ತಿಕೊಂಡು ಹೋಯಿತು. ಕಾಕ ಬಲೆ ಕಟ್ಟಿದರು. ಆಷಾಢದ ಮಳೆಗೆ ಕೊಳ ಉಕ್ಕಿ ಒಂದು ಮೀನು ಚರಂಡಿಗೆ ಹರಿದುಹೋಯಿತು. ಕಾಕ ಕೊಡೆ ಹಿಡಿದು ರಸ್ತೆಯ ಮೋರಿಯವರೆಗೆ ಹುಡುಕಿ, ಸಿಗದೆ, ಒದ್ದೆಯಾಗಿ ವಾಪಸು ಬಂದರು. "ಎಲ್ಲಿಯಾದರೂ ಗದ್ದೆಯಲ್ಲಿ ಉಂಟು ಅಂತ ಎಣಿಸುವ" ಎಂದು ತನ್ವಿಗೆ ಹೇಳಿದರು. ಅವಳು ಕೇಳಿಸಿಕೊಂಡಳೋ ಇಲ್ಲವೋ.

ತನ್ವಿಯನ್ನು ಶಾಲೆಗೆ ಸೇರಿಸಲು ಹೋದ ದಿನ ನನಗೆ ಚೆನ್ನಾಗಿ ನೆನಪಿದೆ. ಯಾವ ಶಾಲೆ ಎಂದು ಹೇಳುವುದು ಬೇಡ. ಅವಳು ಅಲ್ಲಿಯ ಗಂಟೆಯ ಸದ್ದಿಗೆ ಬೆದರಿ ಮೇಜಿನ ಕೆಳಗೆ ನುಗ್ಗಿದಳು. "ಬುದ್ಧಿ ಬೆಳೆದ ಮೇಲೆ ಕರ್ಕೊಂಡು ಬನ್ನಿ" ಎಂದರು ಅಲ್ಲಿಯವರು, ಬಹಳ ನಯವಾಗಿ. ನಾನೇ ಒಂದು ಕಾಲದಲ್ಲಿ ಕುಳಿತಿದ್ದಂಥ ಕುರ್ಚಿಯಲ್ಲಿ ಕುಳಿತು ಹೇಳಿದರು. ಮನೆಗೆ ಬಂದವಳು ನೇರ ಕಾಕನ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಬುದ್ಧಿ ಇಲ್ಲದ ಮಗು ಎಂದು ಯಾರೋ ಹೇಳಿದ್ದಕ್ಕಲ್ಲ, ಆ ಕ್ಷಣ ನನಗೂ ಹಾಗೆ ಅನ್ನಿಸಿದ್ದಕ್ಕೆ ಅಳು ಬರುತ್ತಿತ್ತು.

ಕಾಕ ಕೊಳದ ಒಣಗಿದ ಎಲೆಗಳನ್ನು ಹೆಕ್ಕುತ್ತಲೇ ಹೇಳಿದರು:

"ನಾನು ಗಲ್ಫಿಗೆ ಹೋದಾಗ ಅವರ ಭಾಷೆಯ ಒಂದು ಅಕ್ಷರ ಬರ್ತಿರಲಿಲ್ಲ ಟೀಚರ್. ಎಲ್ಲ ಕೇಳ್ತದೆ, ಒಂದೂ ಒಳಗೆ ಹೋಗುವುದಿಲ್ಲ. ನೀರು ತಾ ಅಂದ್ರೆ ಕಾರಿನ ಕೀ ಕೊಡ್ತಿದ್ದೆ. ಮನೆಯ ಹೆಂಗಸರು ನಗ್ತಿದ್ರು. ಯಜಮಾನ ತಲೆಗೆ ಬೆರಳಿಟ್ಟು ತಿರುಗಿಸಿ ತೋರಿಸ್ತಿದ್ದ, ಇವನಿಗೆ ಇಲ್ಲಿ ಏನೂ ಇಲ್ಲ ಅಂತ. ನನ್ನ ಒಳಗೆ ಎಷ್ಟು ಮಾತಿತ್ತು! ನನ್ನ ಉಮ್ಮ, ನನ್ನ ಊರು, ಹೊಸ ಹೆಂಡತಿ, ಎಲ್ಲ ಇತ್ತು. ಹೊರಗೆ ಬರ್ಲಿಕ್ಕೆ ದಾರಿ ಇರ್ಲಿಲ್ಲ ಅಷ್ಟೆ. ಆ ಮೊದಲ ವರ್ಷ ನಾನು ಮಾತಾಡಿದ್ದು ಮೀನಿನ ಹತ್ತಿರ ಮಾತ್ರ."

ಕೈಯಲ್ಲಿದ್ದ ಒಣ ಎಲೆಗಳನ್ನು ಬದಿಗೆ ಹಾಕಿ, "ಇವಳು ಈಗ ಬಂದಿಳಿದಿದ್ದಾಳೆ ಅಂತ ಎಣಿಸಿ. ಇನ್ನೂ ನಮ್ಮ ಭಾಷೆ ಗೊತ್ತಿಲ್ಲ" ಎಂದರು.

ಮುಂದೆ ಬೇರೊಂದು ಸಣ್ಣ ಶಾಲೆಯವರು ಅವಳನ್ನು ಸೇರಿಸಿಕೊಂಡರು. ತನ್ವಿ ಇವತ್ತಿಗೂ ಮಾತಾಡುವುದಿಲ್ಲ. ಚಿತ್ರಗಳ ಕಾರ್ಡು ತೋರಿಸಿ ಬೇಕು ಬೇಡ ಹೇಳುತ್ತಾಳೆ. ಆದರೆ ಆ ಸಂಜೆಯ ನಂತರ ನಾನು ಅವಳೊಂದಿಗೆ ಮಾತಾಡುವ ರೀತಿ ಬದಲಾಯಿತು. ದೂರದ ಊರಿನಿಂದ ಬಂದವರೊಂದಿಗೆ ಮಾತಾಡುವ ಹಾಗೆ, ನಿಧಾನವಾಗಿ, ಮರ್ಯಾದೆಯಿಂದ.

ಹೋದ ವರ್ಷ ಮಳೆಗಾಲ ಶುರುವಾಗುವ ಮೊದಲೇ ಕಾಕನ ಪಾದಗಳು ಊದತೊಡಗಿದವು. ಬಾವಿಯಿಂದ ಒಂದು ಕೊಡಪಾನ ನೀರು ತಂದರೆ ಕಟ್ಟೆಯ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದರು. ಹೃದಯಕ್ಕೆ ಶಕ್ತಿ ಇಲ್ಲ ಎಂದರು ಡಾಕ್ಟರು. ಮಗಳು ಬಂದು ಮುಂಡಾಜೆಗೆ ಕರೆದುಕೊಂಡು ಹೋದಳು. ಹೊರಡುವಾಗ ಕಾಕ ಹಿಂಬಾಗಿಲ ಕೀಲಿಯನ್ನು ನನ್ನ ಕೈಗೆ ಕೊಟ್ಟು, "ಡ್ರಮ್ಮಿಗೆ ಬಿಸಿಲು ಜಾಸ್ತಿ ಬೀಳದ ಹಾಗೆ ಗೋಣಿ ಹಾಕಿ" ಎಂದರು. ತನ್ವಿಯ ಬಳಿ ಹೋಗಿ ಬಗ್ಗಿ ಏನೋ ಹೇಳಲು ನೋಡಿದರು. ಉಸಿರು ಸಾಲಲಿಲ್ಲ. ಮಗಳು ಕೈಹಿಡಿದು ಕಾರಿಗೆ ಹತ್ತಿಸಿದಳು.

ಎರಡು ವಾರ ಕಳೆದು ನಾವು ಮುಂಡಾಜೆಗೆ ಹೋದೆವು. ಕಾಕ ದಿಂಬುಗಳಿಗೆ ಒರಗಿ ಅರ್ಧ ಕುಳಿತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೈಗಳು ಸ್ವಚ್ಛವಾಗಿ, ಬಿಳಿಚಿಕೊಂಡು, ಯಾರದೋ ಕೈಗಳಂತೆ ಹೊದಿಕೆಯ ಮೇಲಿದ್ದವು. ತನ್ವಿ ಅವರನ್ನು ನೋಡಲೇ ಇಲ್ಲ. ತಿರುಗುವ ಫ್ಯಾನನ್ನು ನೋಡುತ್ತ ಕೋಣೆಯ ಮೂಲೆಯಲ್ಲಿ ನಿಂತಳು. ಅವಳ ಗಲ್ಲ ಹಿಡಿದು ಅವರ ಕಡೆ ತಿರುಗಿಸಲು ಹೋದೆ.

"ಬಿಡಿ ಟೀಚರ್. ಬಂದಿದ್ದಾಳಲ್ಲ, ಸಾಕು."

ಅವರ ಮಗಳು ಚಹಾ ತರಲು ಒಳಗೆ ಹೋದಳು. ನನ್ನ ಗಂಡ ಹೊರಗೆ ಚಾವಡಿಯಲ್ಲಿದ್ದರು. ಕಾಕ ನನ್ನನ್ನು ಹತ್ತಿರ ಕರೆದರು.

"ಒಂದು ಮಾತುಂಟು. ನಾನು ಹೋದ ಮೇಲೆ ಈ ಮಗುವಿಗೆ ಹೇಳ್ಬೇಕು ನೀವು. ಕಾಕ ಪರ ಊರಿಗೆ ಹೋಗಿದ್ದಾರೆ, ನಾಳೆ ಬರ್ತಾರೆ ಅಂತ ಹೇಳ್ಬಾರ್ದು."

"ಹಾಗೆಲ್ಲ ಮಾತಾಡಬೇಡಿ ಕಾಕ. ನೀವು ಗುಣ ಆಗಿ ಬರ್ತೀರಿ."

"ನೋಡಿ, ನೀವು ನನಗೇ ಸುಳ್ಳು ಹೇಳ್ತೀರಿ" ಎಂದು ನಕ್ಕರು. ನಗು ಕೆಮ್ಮಾಯಿತು. ನೀರು ಕುಡಿಸಿದೆ. ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದರು. "ಗಲ್ಫಿನಿಂದ ಪ್ರತಿ ಸಲ ಫೋನಿನಲ್ಲಿ ನನ್ನ ಮನೆಯವಳಿಗೆ ಹೇಳ್ತಿದ್ದೆ, ಬರುವ ವರ್ಷ ಪೂರ್ತಿ ಬಂದುಬಿಡ್ತೇನೆ ಅಂತ. ಸುಳ್ಳು ಅಂತ ನನಗೆ ಗೊತ್ತಿತ್ತು. ಅವಳು ನಂಬಿ ಕಾದಳು. ಕಡೆಗೆ ನಾನು ಬಂದು ಬಾಗಿಲಲ್ಲಿ ನಿಂತಾಗ, ಬಂದ್ರಾ ಅಂತ ಕೇಳ್ಲಿಕ್ಕೆ ಅವಳಿಗೆ ಬಾಯಿ ಇರ್ಲಿಲ್ಲ. ಕಾಯಿಸುವುದು ದೊಡ್ಡ ಪಾಪ ಟೀಚರ್. ಈ ಮಗುವನ್ನು ಕಾಯಿಸಬೇಡಿ."

"ಹೇಳಿದ್ರೆ ಅವಳಿಗೆ ಅರ್ಥ ಆಗ್ತದೋ ಇಲ್ವೋ ಕಾಕ."

"ಅರ್ಥ ಆಗುವವರೆಗೆ ಹೇಳಿ."

ಇದು ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು.

ಅದೇ ವಾರದ ಶುಕ್ರವಾರ ಬೆಳಿಗ್ಗೆ ಅವರ ಮಗಳ ಫೋನು ಬಂತು. ನಾವು ಮುಂಡಾಜೆ ತಲುಪುವಾಗ ಅಂಗಳದಲ್ಲಿ ಗಂಡಸರು ತುಂಬಿದ್ದರು. ಗಲ್ಫಿನಿಂದ ಮಗ ವಿಮಾನ ಹತ್ತಿದ್ದ, 'ನನಗಾಗಿ ಕಾಯಬೇಡಿ' ಎಂದು ಹೇಳಿ ಕಳುಹಿಸಿದ್ದನಂತೆ. ಹೆಂಗಸರ ನಡುವೆ ನನಗೆ ಜಾಗ ಮಾಡಿಕೊಟ್ಟರು. ಮಯ್ಯತ್ತನ್ನು, ಕಾಕನ ದೇಹವನ್ನು, ಎತ್ತುವ ಮೊದಲು ಒಮ್ಮೆ ಮುಖ ನೋಡಿದೆ. ಸುತ್ತಲೂ ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ತನ್ವಿ ಅಷ್ಟು ಜನರ ಸದ್ದಿಗೆ ಬೆದರಿ ಕಾರಿನಲ್ಲೇ ಅಪ್ಪನೊಂದಿಗೆ ಕುಳಿತಿದ್ದಳು.

ಆ ಸಂಜೆ ನಾಲ್ಕೂವರೆಗೆ ಅವಳು ಎಂದಿನಂತೆ ಕೊಳಕ್ಕೆ ಹೊರಟಳು. ಜೊತೆಗೆ ಹೋದೆ. ಮೀನುಗಳಿಗೆ ಊಟ ಹಾಕಿದಳು. ಹಾಕಿದ ಮೇಲೆ ತಲೆಯೆತ್ತಿ ಕಾಕನ ಹಿಂಬಾಗಿಲನ್ನು ನೋಡಿದಳು. ಅವರು ಮುಂಡಾಜೆಗೆ ಹೋದಂದಿನಿಂದ ದಿನಾ ಹಾಗೆ ನೋಡುತ್ತಿದ್ದಳು. ನಾನು ಅವಳ ಪಕ್ಕ ಕುಳಿತು ಹೇಳಿದೆ: "ಕಾಕ ತೀರಿಕೊಂಡರು ತನ್ವಿ. ಇನ್ನು ಬರುವುದಿಲ್ಲ." ಅವಳು ಬಾಗಿಲನ್ನೇ ನೋಡುತ್ತಿದ್ದಳು.

ಮರುದಿನ ಹೇಳಿದೆ. ಅದರ ಮರುದಿನವೂ ಹೇಳಿದೆ. ಒಂದು ಮಾತನ್ನೂ ಬದಲಾಯಿಸಲಿಲ್ಲ, ಸ್ವರವನ್ನೂ ಬದಲಾಯಿಸಲಿಲ್ಲ. ಇಂಥ ಮಾತನ್ನು ಮಗುವಿಗೆ ದಿನಾ ಹೇಳುತ್ತೀಯಲ್ಲ, ನಿನಗೇನು ಹುಚ್ಚೇ ಎಂದು ನನ್ನ ತಾಯಿ ಗದರಿದರು. ಕೆಲವು ಸಂಜೆ ನನಗೂ ಸಾಕೆನಿಸುತ್ತಿತ್ತು. ನಾಳೆ ಬರುತ್ತಾರೆ ಎಂದುಬಿಟ್ಟರೆ ಎಷ್ಟು ಸುಲಭ. ಹೇಳಲಿಲ್ಲ. ಮಳೆ ಹಿಡಿಯಿತು, ಕೊಡೆ ಹಿಡಿದು ಹೋದೆವು. ಊರಿಗೆ ಬಂದಿದ್ದ ಕಾಕನ ಮಗ ಕೊಳವನ್ನು ಮುಚ್ಚುವುದಿಲ್ಲ ಎಂದ. "ನಿಮ್ಮ ಮಗಳು ಇರುವಷ್ಟು ದಿನ ಇರ್ಲಿ ಅಕ್ಕ" ಎಂದು ಹೇಳಿ, ಮನೆಗೆ ಬೀಗ ಹಾಕಿ ವಾಪಸು ಹೋದ.

ಮಳೆ ಬಿಟ್ಟ ಒಂದು ಸಂಜೆ. ಬಿಸಿಲು ಬಹಳ ದಿನಗಳ ಮೇಲೆ ಹಿತ್ತಲಿಗೆ ಬಿದ್ದಿತ್ತು. ತನ್ವಿ ಮೀನುಗಳಿಗೆ ಊಟ ಹಾಕಿ, ಡಬ್ಬದ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟಳು. ನಾನು ದಿನದ ಮಾತನ್ನು ಹೇಳಲು ಅವಳು ತಲೆಯೆತ್ತುವುದನ್ನೇ ಕಾದೆ. ಅವಳು ತಲೆಯೆತ್ತಲಿಲ್ಲ. ಕಟ್ಟೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ ನೀರನ್ನೇ ನೋಡಿದಳು. ಬಾಂಗ್ ಕೇಳಿತು. ಅವಳು ಎದ್ದಳು, ಫ್ರಾಕು ಕೊಡವಿಕೊಂಡಳು, ಬಾಗಿಲ ಕಡೆಗೆ ಒಮ್ಮೆಯೂ ತಿರುಗದೆ ಮನೆಗೆ ನಡೆದಳು.

ನಾನು ಡಬ್ಬ ಹಿಡಿದು ಅಲ್ಲೇ ಕುಳಿತೆ. ಮುಂಡಾಜೆಯಲ್ಲಿ ಬಾರದ ಅಳು ಆಗ ಬಂತು.